ಪೆರ್ಗಡೆಯಿಂದ ಹೆಗ್ಡೆಯವರೆಗೆ

ಹೊಸ ತರಗತಿಯ ಮೊದಲ ದಿನ ಹಾಜರಿ ಪುಸ್ತಕವನ್ನು ಬಿಡಿಸಿ ಹೆಸರುಗಳನ್ನು ಕೂಗುವುದೆಂದರೆ ಕನ್ನಡ ಅಧ್ಯಾಪಕನಾದವನಿಗೆ ಒಂದು ಸಣ್ಣ ಶಾಸನಸಂಪುಟವನ್ನು ಓದಿದಂತೆಯೇ ಸರಿ. ಊರು, ಕುಲ, ಮನೆದೇವರು, ಅಜ್ಜನ ಕಸುಬು ಎಲ್ಲವೂ ಆ ನಾಲ್ಕಾರು ಅಕ್ಷರಗಳಲ್ಲಿ ಅಡಗಿ ಕುಳಿತಿರುತ್ತವೆ. ಕುದುರೆಮುಖದ ಮಗ್ಗುಲಿನ ಈ ಕಾಫಿಯ ಸೀಮೆಗೆ ಪಾಠ ಹೇಳಲು ಬಂದಂದಿನಿಂದ ಈ ಓದಿನಲ್ಲಿ ನನಗೆ ಬೇಸರ ಬಂದದ್ದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದೇ ತರಗತಿಯಲ್ಲಿ ನನಗೆ ಮೂವರು ಹೆಗ್ಡೆಗಳು ದೊರೆತರು. ಒಬ್ಬನು ಕಳಸದ ಕಡೆಯ ಜೈನರ ಮನೆಯವನು. ತನ್ನ ಹೆಸರನ್ನು ‘ಹೆಗ್ಗಡೆ’ ಎಂದು ಬಿಡಿಸಿ ಬರೆಯುತ್ತಿದ್ದನು. ಎರಡನೆಯವನು ಕಾರ್ಕಳದ ಕಡೆಯ ಬಂಟರವನು. ಅವನ ಅಜ್ಜ ಕಬ್ಬಿಣದ ಅದಿರಿನ ಕಂಪೆನಿಯ ಕೆಲಸಕ್ಕೆಂದು ಘಟ್ಟ ಹತ್ತಿ ಬಂದವರು. ಮೂರನೆಯವಳು ಸಿದ್ದಾಪುರದ ಹವ್ಯಕರ ಹುಡುಗಿ. ತಂದೆಗೆ ಇಲ್ಲಿಗೆ ವರ್ಗವಾದ್ದರಿಂದ ಬಂದವಳು. ಇದನ್ನು ಕೇಳಿ ಮೂಡಿಗೆರೆಯ ಒಕ್ಕಲಿಗರ ಹುಡುಗಿಯೊಬ್ಬಳು ಎದ್ದು, “ನಮ್ಮ ಮುತ್ತಜ್ಜಿಯನ್ನು ಊರವರೆಲ್ಲ ಹೆಗ್ಗಡಿತಮ್ಮ ಎಂದೇ ಕರೆಯುತ್ತಿದ್ದರಂತೆ ಸಾರ್” ಎಂದಳು. ತರಗತಿಯಲ್ಲಿ ಗದ್ದಲವೆದ್ದಿತು. “ಹಾಗಾದರೆ ಇವರಲ್ಲಿ ನಿಜವಾದ ಹೆಗ್ಡೆ ಯಾರು ಸಾರ್?” ಎಂದು ಯಾರೋ ಕೇಳಿದರು.

ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, “ನನಗೆ ಆ ತೊಂದರೆ ಇಲ್ಲ ಸಾರ್. ನನಗಿರುವುದು ಇನಿಷಿಯಲ್ ಒಂದೇ” ಎಂದನು. ಎಲ್ಲರೂ ನಕ್ಕರು, ಅವನು ನಗಲಿಲ್ಲ. ಕಾಫಿ ಎಸ್ಟೇಟಿನ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವನು ಅವನು. ಅವನ ಅಜ್ಜಿಯ ಬಾಯಲ್ಲಿ ‘ಹೆಗ್ಡೇರು’ ಎಂದರೆ ಗದ್ದೆಯ ಒಡೆಯರು, ಎದುರಾದಾಗ ದಾರಿ ಬಿಟ್ಟು ನಿಲ್ಲಬೇಕಾದವರು ಎಂದಷ್ಟೇ ಅರ್ಥವೆಂಬುದು ನನಗೆ ಆಮೇಲೆ ತಿಳಿಯಿತು. ಆ ದಿನ ಗಂಟೆ ಬಾರಿಸಿದ್ದರಿಂದ ನಾನು ಉತ್ತರ ಹೇಳದೆ ಉಳಿದೆ. ಹೇಳಬೇಕೆಂದುಕೊಂಡಿದ್ದ ಆ ಉತ್ತರವೇ ಈ ಬರಹ.

ಹೆಗ್ಡೆ ಎಂಬ ಮಾತಿನ ಹಳೆಯ ರೂಪ ‘ಪೆರ್ಗಡೆ’. ಮಾತಿನ ಜೀವವಿರುವುದು ಪೂರ್ವಪದವಾದ ‘ಪೆರ್’ ಎಂಬುದರಲ್ಲಿ. ‘ಪಿರಿದು’ ಎಂಬುದಕ್ಕೆ ಸಂಬಂಧಿಸಿದ ಈ ಪದಕ್ಕೆ ದೊಡ್ಡದು, ಹಿರಿದು ಎಂದು ಅರ್ಥ. ಹತ್ತನೆಯ ಶತಮಾನದಿಂದೀಚೆಗೆ ಕನ್ನಡದ ಪಕಾರ ಹಕಾರವಾಗತೊಡಗಿತು. ಪಾಲು ಹಾಲಾಯಿತು, ಪೆಸರು ಹೆಸರಾಯಿತು. ರಕಾರವು ತನ್ನ ಮುಂದಿನ ವ್ಯಂಜನದಲ್ಲಿ ಕರಗಿ ಅದನ್ನೇ ಇಮ್ಮಡಿಸಿತು. ಹೀಗೆ ಪೆರ್ಮರ ಹೆಮ್ಮರವಾಯಿತು, ಪೆರ್ಬಾಗಿಲು ಹೆಬ್ಬಾಗಿಲಾಯಿತು, ಪೆರ್ಬುಲಿ ಹೆಬ್ಬುಲಿಯಾಯಿತು, ಪೆರ್ಗಡೆ ಹೆಗ್ಗಡೆಯಾಯಿತು. ಹಿರಿಯ ಹಾರುವ ಎಂಬರ್ಥದ ‘ಹೆಬ್ಬಾರ’ನೂ ಇದೇ ಅಚ್ಚಿನಲ್ಲಿ ಎರಕಗೊಂಡವನು. ವ್ಯಾಕರಣದ ಈ ನಿಯಮವನ್ನು ಪರೀಕ್ಷೆಗಾಗಿ ಉರು ಹಚ್ಚುವ ವಿದ್ಯಾರ್ಥಿಗಳು, ತಮ್ಮ ಹೆಸರೇ ಅದಕ್ಕೆ ಉದಾಹರಣೆಯೆಂದು ತಿಳಿದರೆ ಬೆರಗಾಗುತ್ತಾರೆ.

ಪೆರ್ಗಡೆ ಕುಲದ ಹೆಸರಾಗಿರಲಿಲ್ಲ. ಅದು ಕೆಲಸದ ಹೆಸರು. ಕಲ್ಯಾಣದ ಚಾಲುಕ್ಯರ ಮತ್ತು ಹೊಯ್ಸಳರ ಶಾಸನಗಳನ್ನು ನೋಡಿದವರಿಗೆ ಈ ಅಧಿಕಾರಿ ಅಪರಿಚಿತನಲ್ಲ. ಸುಂಕವನ್ನು ನೋಡಿಕೊಳ್ಳುವವನು ಸುಂಕದ ಹೆಗ್ಗಡೆ. ಅರಮನೆಯ ಆಡಳಿತವನ್ನು ನೋಡಿಕೊಳ್ಳುವವನು ಮನೆವೆರ್ಗಡೆ. ಮಹಾಪ್ರಧಾನ, ದಂಡನಾಯಕ ಎಂಬ ಬಿರುದುಗಳ ಜೊತೆಯಲ್ಲಿಯೇ ಈ ಪದವಿಯೂ ಶಾಸನಗಳಲ್ಲಿ ಮೆರೆದಿದೆ. ನಮ್ಮ ಮೂಡಿಗೆರೆ ತಾಲೂಕಿನ ಅಂಗಡಿಯನ್ನು ಹೊಯ್ಸಳರ ಮೂಲಸ್ಥಾನವೆಂದು ವಿದ್ವಾಂಸರು ಗುರುತಿಸಿದ್ದಾರೆ. ಆ ಮನೆತನದ ವಿಷ್ಣುವರ್ಧನನ ರಾಣಿ ಶಾಂತಲೆಯ ತಂದೆ ಮಾರಸಿಂಗಯ್ಯನೂ ಒಬ್ಬ ಪೆರ್ಗಡೆಯೇ. ಅವನು ಶೈವ, ಅವನ ಹೆಂಡತಿ ಮಾಚಿಕಬ್ಬೆ ಜೈನಳು. ‘ಯಾವ ಜಾತಿಯ ಹೆಗ್ಗಡೆ’ ಎಂಬ ಪ್ರಶ್ನೆಯನ್ನು ಆ ಮನೆಯ ಬಾಗಿಲಲ್ಲಿ ನಿಂತು ಕೇಳಿದ್ದರೆ, ಪ್ರಶ್ನೆಯೇ ಅವರಿಗೆ ಅರ್ಥವಾಗುತ್ತಿರಲಿಲ್ಲವೇನೋ. ಇಂದಿನ ಕಾಲದಲ್ಲಿ ತಹಸೀಲ್ದಾರರು ಯಾವ ಜಾತಿ ಎಂದು ಕೇಳಿದಂತೆ!

ಪದವಿಯು ಮನೆತನದಲ್ಲಿ ನೆಲೆನಿಂತಾಗ ಹೆಸರಾಗುತ್ತದೆ. ರಾಜ್ಯಗಳು ಅಳಿದವು, ಸುಂಕದ ಕಟ್ಟೆಗಳು ಬಿದ್ದವು; ಆದರೆ ಊರಿನ ಹಿರಿತನವನ್ನು ಹೊತ್ತ ಮನೆಗಳಲ್ಲಿ ಹೆಗ್ಗಡೆ ಎಂಬ ಮಾತು ಉಳಿಯಿತು. ಜೈನರಲ್ಲಿ ಉಳಿಯಿತು, ಬಂಟರಲ್ಲಿ ಉಳಿಯಿತು, ಹವ್ಯಕರಲ್ಲಿ ಉಳಿಯಿತು, ಮಲೆನಾಡಿನ ಒಕ್ಕಲಿಗರಲ್ಲಿ ಉಳಿಯಿತು. ಕೊಡಗಿನಲ್ಲಿ ಒಂದು ಸಣ್ಣ ಸಮುದಾಯಕ್ಕೆ ಹೆಗ್ಗಡೆ ಎಂದೇ ಹೆಸರು. ಉಳಿದ ಬಗೆಯೂ ಒಂದೇ ಆಗಿರಲಿಲ್ಲ. ಹವ್ಯಕರ ಮನೆಯಲ್ಲಿ ತಂದೆಯಿಂದ ಮಗನಿಗೆ ಇಳಿದು ಬಂದ ಹಿರಿತನ, ಅಳಿಯಸಂತಾನದ ಕಟ್ಟಳೆಯಿದ್ದ ತುಳುನಾಡಿನ ಬಂಟರ ಮನೆಗಳಲ್ಲಿ ಸೋದರಮಾವನಿಂದ ಅಳಿಯನಿಗೆ ಸಲ್ಲುತ್ತಿತ್ತು. ಒಂದೇ ಹೆಸರಿನ ನೀರು ಎರಡು ಬೇರೆ ಬೇರೆ ಕಾಲುವೆಗಳಲ್ಲಿ ಹರಿದು ಬಂದಿತು. ಆದಕಾರಣ ಹೆಸರನ್ನು ಹಿಡಿದು ರಕ್ತಸಂಬಂಧವನ್ನು ಹುಡುಕಹೊರಡುವುದು ವ್ಯರ್ಥ.

ಕಳಸದಿಂದ ಕುದುರೆಮುಖದ ಮೇಲೆ ಹಾದು, ಘಟ್ಟವಿಳಿದು, ಬಜಗೋಳಿಯ ಮೂಲಕ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಈ ಮಾತಿನ ಚರಿತ್ರೆ ಕಣ್ಣಿಗೆ ಕಾಣುವಂತಿದೆ. ಘಟ್ಟದ ಮೇಲಿನ ಕಳಸವನ್ನೂ ಕೆಳಗಿನ ಕಾರ್ಕಳವನ್ನೂ ಭೈರರಸರು ಒಟ್ಟಿಗೆ ಆಳಿದರು. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯನು ಅದೇ ವಂಶದವನು. ಘಟ್ಟದ ಮೇಲೆ ಕನ್ನಡವು ಪಕಾರವನ್ನು ಬಿಟ್ಟಿತು. ಕೆಳಗೆ ತುಳುವು ಅದನ್ನು ಬಿಡಲಿಲ್ಲ. ಇಲ್ಲಿಯ ಹುಲಿ ಅಲ್ಲಿ ಇಂದಿಗೂ ‘ಪಿಲಿ’; ಇಲ್ಲಿಯ ಹೆಸರು ಅಲ್ಲಿ ‘ಪುದರ್’. ಧರ್ಮಸ್ಥಳದ ಐತಿಹ್ಯದಲ್ಲಿ ನೆಲ್ಯಾಡಿ ಬೀಡಿನ ಯಜಮಾನನು ಬಿರ್ಮಣ್ಣ ಪೆರ್ಗಡೆ. 1968ರಲ್ಲಿ ಅದೇ ಪೀಠವನ್ನೇರಿದವರು ವೀರೇಂದ್ರ ಹೆಗ್ಗಡೆಯವರು. ಒಂದೇ ಮನೆತನದ ನೆನಪಿನೊಳಗೆ ಭಾಷೆಯ ಎರಡು ಯುಗಗಳು ಅಕ್ಕಪಕ್ಕದಲ್ಲಿ ಕುಳಿತಿವೆ.

ಹೆಸರು ಗಡಿಗಳನ್ನೂ ದಾಟಿತು. ಪೆರ್ಗಡೆ ತೆಲುಗಿನಲ್ಲಿ ‘ಪ್ರೆಗ್ಗಡ’ ಎಂದಾಗಿ ಮಂತ್ರಿಯೆಂಬ ಅರ್ಥವನ್ನು ಪಡೆಯಿತು. ತೆಲುಗು ಮಹಾಭಾರತವನ್ನು ಪೂರ್ಣಗೊಳಿಸಿದ ಹದಿನಾಲ್ಕನೆಯ ಶತಮಾನದ ಕವಿ ಎರ್ರಾಪ್ರಗಡನ ಹೆಸರಿನ ಬಾಲದಲ್ಲಿರುವುದು ನಮ್ಮ ಹೆಗ್ಗಡೆಯೇ. ನಮ್ಮ ಕಾಲದಲ್ಲಿ ಈ ಹೆಸರು ಇನ್ನೂ ದೂರ ನಡೆದಿದೆ. 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ಕೆರೆಮನೆ ಶಿವರಾಮ ಹೆಗಡೆಯವರು ಹೊನ್ನಾವರದ ಹವ್ಯಕರು. 1977ರಲ್ಲಿ ಲೋಕಸಭೆಯ ಅಧ್ಯಕ್ಷರಾದ ಕೆ. ಎಸ್. ಹೆಗ್ಡೆಯವರು ಕಾರ್ಕಳದ ಕಡೆಯ ಬಂಟರು. 1983ರಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರು ಸಿದ್ದಾಪುರದ ಹವ್ಯಕರು. ಮುಂಬಯಿಯ ಉಪಾಹಾರಗೃಹಗಳಲ್ಲಿ, ಕೊಲ್ಲಿಯ ದೇಶಗಳಲ್ಲಿ, ಇಂಗ್ಲೆಂಡು ಅಮೆರಿಕಗಳಲ್ಲಿ ಇಂದು ಹೆಗ್ಡೆಗಳಿದ್ದಾರೆ. ಮೂರಕ್ಷರದ ಹೆಗ್ಗಡೆಯು ಹೆಗಡೆಯಾಗಿ, ಕಚೇರಿಯ ಕಾಗದದಲ್ಲಿ ಹೆಗ್ಡೆಯಾಗಿ, ಇಂಗ್ಲಿಷರ ನಾಲಿಗೆಯಲ್ಲಿ ಡಕಾರದ ಗಟ್ಟಿತನವನ್ನೂ ಕಳೆದುಕೊಂಡು ನಡೆದಿದೆ.

ಇದು ನಮ್ಮ ದೇಶದ್ದೇ ವಿಚಿತ್ರವೆಂದು ತಿಳಿಯಬೇಕಾಗಿಲ್ಲ. ಸ್ಕಾಟ್ಲೆಂಡಿನಲ್ಲಿ ಅರಮನೆಯ ಮೇಲ್ವಿಚಾರಕನಿಗೆ ‘ಸ್ಟೂವರ್ಡ್’ ಎಂದು ಹೆಸರು. ಮನೆಯನ್ನು ಕಾಯುವವನು ಎಂಬುದೇ ಅದರ ಮೂಲಾರ್ಥ. ನಮ್ಮ ಮನೆವೆರ್ಗಡೆಯೇ ಅವನು. ಆ ಪದವಿಯನ್ನು ವಂಶಪಾರಂಪರ್ಯವಾಗಿ ಹೊತ್ತ ಮನೆತನಕ್ಕೆ 1371ರಲ್ಲಿ ಸಿಂಹಾಸನವೇ ದೊರೆಯಿತು. ಸೇವಕನ ಪದವಿ ರಾಜವಂಶದ ಹೆಸರಾಯಿತು. ರುಮೇನಿಯದಲ್ಲಿಯೂ ಹೀಗೆಯೇ. ಅಲ್ಲಿಯ ಹಿಂದಿನ ಅರಸರ ಆಸ್ಥಾನದಲ್ಲಿ ಅರಸನ ಖಡ್ಗವನ್ನು ಹೊರುತ್ತಿದ್ದವನು ಸ್ಪತಾರ್, ಅರಮನೆಯನ್ನು ನೋಡಿಕೊಳ್ಳುತ್ತಿದ್ದವನು ವೋರ್ನಿಕ್. ಇಂದು ಸ್ಪತಾರು, ವೋರ್ನಿಕು ಎಂಬವು ಸಾಮಾನ್ಯ ಸಂಸಾರಗಳ ಕುಲನಾಮಗಳು. 2014ರ ಜನವರಿಯಲ್ಲಿ ಬ್ರಿಟನ್ನು ರುಮೇನಿಯದವರ ದುಡಿಮೆಗಿದ್ದ ನಿರ್ಬಂಧಗಳನ್ನು ತೆಗೆಯಿತು. 2021ರ ಜನಗಣತಿಯ ವೇಳೆಗೆ ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ ರುಮೇನಿಯದಲ್ಲಿ ಹುಟ್ಟಿದವರು ಸುಮಾರು 5,39,000 ಮಂದಿ ಇದ್ದರು. ಅರಸನ ಖಡ್ಗಧಾರಿಯ ಹೆಸರನ್ನು ಹೊತ್ತವನು ಇಂದು ಲಂಡನ್ನಿನಲ್ಲಿ ಇಟ್ಟಿಗೆ ಕಟ್ಟುತ್ತಿರಬಹುದು. ಪಕ್ಕದ ಬೀದಿಯ ಆಸ್ಪತ್ರೆಯಲ್ಲಿ ನಮ್ಮ ಸುಂಕದ ಹೆಗ್ಗಡೆಯ ಹೆಸರಿನವನು ನಾಡಿ ನೋಡುತ್ತಿರಬಹುದು. ಪದವಿಗಳು ಊರಿನಲ್ಲಿಯೇ ಉಳಿದವು. ಹೆಸರುಗಳು ಮಾತ್ರ ಪ್ರಯಾಣ ಹೊರಟವು.

ಇಷ್ಟು ದೂರಕ್ಕೇಕೆ, ನಮ್ಮ ಕುದುರೆಮುಖವನ್ನೇ ನೋಡಬಹುದು. 1976ರಲ್ಲಿ ಅದಿರಿನ ಕಂಪೆನಿ ಸ್ಥಾಪನೆಯಾದ ಮೇಲೆ ಕಾಡಿನ ನಡುವೆ ಒಂದು ಪಟ್ಟಣವೇ ಎದ್ದಿತು. ನಾಡಿನ ಎಲ್ಲ ಕಡೆಯ ಹೆಸರುಗಳು ಅಲ್ಲಿ ಒಂದೇ ಸಾಲಿನ ಮನೆಗಳ ಬಾಗಿಲ ಮೇಲೆ ಕಾಣಿಸಿದವು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಹೆಸರುಗಳು ಮತ್ತೆ ಚದುರಿದವು. ನನ್ನ ತರಗತಿಯ ಬಂಟರ ಹುಡುಗನ ಅಜ್ಜ ಮಾತ್ರ ಕಳಸದಲ್ಲಿಯೇ ಒಂದು ಸಣ್ಣ ಮನೆಮಾಡಿ ನಿಂತರು. ಹೀಗೆ ಘಟ್ಟದ ಕೆಳಗಿನ ಹೆಗ್ಡೆ ಘಟ್ಟದ ಮೇಲಿನ ಹೆಗ್ಗಡೆಯ ನೆರೆಯವನಾದನು.

ಇನ್ನು, ಇನಿಷಿಯಲ್ ಒಂದೇ ಇರುವ ಹುಡುಗನ ಮಾತು. ಹೆಗ್ಗಡೆತನವನ್ನು ಹೊಗಳಿ ನಿಲ್ಲಿಸಿದರೆ ನನ್ನ ಬರಹ ಅವನಿಗೆ ಅನ್ಯಾಯ ಮಾಡಿದಂತಾಗುತ್ತದೆ. ಪದವಿಯಾಗಿದ್ದಾಗ ಈ ಹೆಸರು ಮೇಲಿನವರಿಗೆ ಲೆಕ್ಕ ಒಪ್ಪಿಸಬೇಕಾಗಿತ್ತು. ಮನೆತನದ ಸ್ವತ್ತಾದ ಮೇಲೆ ಕೆಳಗಿನವರಿಂದ ಗೇಣಿ ಕೇಳುವುದಷ್ಟೇ ಎಷ್ಟೋ ಕಡೆ ಅದರ ಕೆಲಸವಾಯಿತು. ಕುವೆಂಪು ಅವರು 1936ರ ‘ಕಾನೂರು ಹೆಗ್ಗಡಿತಿ’ಯಲ್ಲಿಯೂ 1967ರ ‘ಮಲೆಗಳಲ್ಲಿ ಮದುಮಗಳು’ವಿನಲ್ಲಿಯೂ ಆ ಮನೆಗಳ ಒಳಗನ್ನು ತೆರೆದು ತೋರಿಸಿದ್ದಾರೆ, ಅಂಗಳದಲ್ಲಿ ನಿಂತ ಆಳುಗಳ ಬದುಕನ್ನೂ ಬಿಟ್ಟಿಲ್ಲ. 1974ರ ಭೂಸುಧಾರಣೆಯ ಕಾನೂನು ಗೇಣಿಯನ್ನು ತೆಗೆದು ಹಾಕಿತು. ಆದರೆ ಕಾಫಿಯ ತೋಟಗಳಿಗೆ ಆ ಕಾನೂನು ತಟ್ಟಲಿಲ್ಲ. ಲೈನ್ ಮನೆಯವರಿಗೆ ನೆಲವೂ ಬರಲಿಲ್ಲ, ನೆಲದ ಜೊತೆ ಬರುವ ಹೆಸರೂ ಬರಲಿಲ್ಲ. ಆ ಹುಡುಗನು ನಗದೆ ಉಳಿದದ್ದು ಸಹಜವೇ ಆಗಿತ್ತು.

ಮರುದಿನ ತರಗತಿಯಲ್ಲಿ ಈ ಕತೆಯನ್ನೆಲ್ಲ ಚಿಕ್ಕದಾಗಿ ಹೇಳಿ, ಕೊನೆಗೆ ಹೀಗೆಂದೆ: “ನಿಜವಾದ ಹೆಗ್ಡೆ ಯಾರೆಂದು ಕೇಳಿದಿರಿ. ಒಂದು ಕೆಲಸವನ್ನು ವಹಿಸಿಕೊಂಡು ಅದಕ್ಕೆ ಲೆಕ್ಕ ಒಪ್ಪಿಸುವವನು ಹೆಗ್ಗಡೆ. ಹಾಗೆ ನೋಡಿದರೆ ಇಲ್ಲಿ ಇನ್ನೂ ಯಾರೂ ಹೆಗ್ಡೆಗಳಲ್ಲ; ಎಲ್ಲರೂ ಆಗಬಹುದು.” ಆಮೇಲೆ ಆ ಹುಡುಗನನ್ನು ಕುರಿತು, “ನಿನ್ನ ಇನಿಷಿಯಲ್ ಏನಪ್ಪಾ?” ಎಂದು ಕೇಳಿದೆ. “ಕೆ, ಸಾರ್. ಕಳಸ” ಎಂದನು.

ನಮ್ಮಲ್ಲಿ ಊರಿನ ಹೆಸರನ್ನು ಮುಂದಿಟ್ಟುಕೊಳ್ಳುವುದು ಕೊರತೆಯ ಗುರುತಲ್ಲ. ಅದೂ ಒಂದು ಹಳೆಯ ಕ್ರಮವೇ. ಕುವೆಂಪು ಅವರ ತಂದೆ ವೆಂಕಟಪ್ಪಗೌಡರು; ಮಗನು ಗೌಡತನವನ್ನು ಹೆಸರಿಗೆ ಅಂಟಿಸಿಕೊಳ್ಳದೆ, ಊರಾದ ಕುಪ್ಪಳಿಯನ್ನೂ ತಂದೆಯ ಹೆಸರನ್ನೂ ಎರಡಕ್ಷರಗಳಲ್ಲಿ ಇಟ್ಟುಕೊಂಡು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನಾದರು. ಇದನ್ನು ಹೇಳಿ, ಹುಡುಗನನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ, ಬಿ. ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ಕಡೂರು ಜಿಲ್ಲೆಯ ಶಾಸನಸಂಪುಟವನ್ನು ಅವನ ಮುಂದೆ ಇಟ್ಟೆ. ಮೂಡಿಗೆರೆಯ ಭಾಗದಲ್ಲಿ ಕಳಸದ ಶಾಸನಗಳಿವೆ. ಹಳಗನ್ನಡದ ಸಾಲುಗಳು ಅವನಿಗೆ ಕೂಡಲೇ ಒಲಿಯಲಿಲ್ಲ. ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದುತ್ತ ಹೋದನು. ಒಂದು ಕಡೆ ಬೆರಳು ನಿಂತಿತು. “ಸಾರ್, ಇಲ್ಲಿ ನಮ್ಮೂರ ಹೆಸರಿದೆ” ಎಂದನು.

ಅಂದಿನಿಂದ ಪರೀಕ್ಷೆ ಮುಗಿಯುವವರೆಗೂ ಅವನು ಆ ಸಂಪುಟವನ್ನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ.