ಹಿರಿಯರ ಕ್ಷೇಮಕ್ಕೆ ಸಂವೇದಕಗಳು

ವೃದ್ಧರಲ್ಲಿ ಅನೇಕರು ತಾವು ಬಾಳಿದ ಮನೆಯನ್ನು ಬಿಟ್ಟು ಬೇರೆಡೆ ನೆಲೆಸಲು ಒಪ್ಪುವುದಿಲ್ಲ. ಮಕ್ಕಳಾದರೋ ಉದ್ಯೋಗನಿಮಿತ್ತ ದೂರದ ನಗರಗಳಲ್ಲಿರುತ್ತಾರೆ. ಈ ಅಂತರವನ್ನು ಕಡಮೆ ಮಾಡಲು ವಿಜ್ಞಾನವು ಒದಗಿಸಿರುವ ಸಾಧನಗಳಲ್ಲಿ ಸಂವೇದಕವೂ ಒಂದು. ನಮ್ಮ ಕಣ್ಣು, ಕಿವಿ, ಚರ್ಮಗಳು ತಾವು ಅರಿತುದನ್ನು ಮಿದುಳಿಗೆ ತಿಳಿಸುವಂತೆ, ಸಂವೇದಕವು ಚಲನೆ, ಒತ್ತಡ, ಉಷ್ಣತೆ ಮೊದಲಾದುವನ್ನು ಗ್ರಹಿಸಿ ವಿದ್ಯುತ್ಸಂಕೇತವಾಗಿ ಮಾರ್ಪಡಿಸುತ್ತದೆ.

ಜಪಾನಿನ ಒಂದು ನಿದರ್ಶನವನ್ನು ನೋಡೋಣ. ಚಹಾಕ್ಕಾಗಿ ನೀರನ್ನು ಬಿಸಿಯಾಗಿಡುವ ವಿದ್ಯುತ್ಪಾತ್ರೆಯು ಅಲ್ಲಿನ ಮನೆಗಳಲ್ಲಿ ಬಹು ಸಾಮಾನ್ಯವಾದ ವಸ್ತು. 2001ರಲ್ಲಿ ಜೋಜಿರುಶಿ ಎಂಬ ಕಂಪೆನಿಯು ಅಂತಹ ಪಾತ್ರೆಯೊಳಗೆ ಒಂದು ನಿಸ್ತಂತು ಪ್ರೇಷಕವನ್ನು ಅಳವಡಿಸಿತು. ವೃದ್ಧರು ನೀರನ್ನು ಬಗ್ಗಿಸಿಕೊಂಡ ಸಂಗತಿಯು ದೂರದ ಮಕ್ಕಳಿಗೆ ಇ-ಮೇಲ್ ಮೂಲಕ ತಿಳಿಯುವಂತಾಯಿತು. ಬೆಳಗಿನ ಚಹಾ ಆಗಿದ್ದರೆ ತಾಯಿ ಎದ್ದು ಓಡಾಡುತ್ತಿದ್ದಾಳೆಂದು ಸಮಾಧಾನ. ಹೊತ್ತೇರಿದರೂ ಪಾತ್ರೆಯನ್ನು ಮುಟ್ಟಿಲ್ಲವಾದರೆ ಕೂಡಲೆ ವಿಚಾರಿಸಬೇಕೆಂಬ ಸೂಚನೆ. ವೃದ್ಧರು ಹೊಸದೇನನ್ನೂ ಕಲಿಯಬೇಕಾಗಿರಲಿಲ್ಲ. ಅವರನ್ನು ದಿಟ್ಟಿಸಿ ನೋಡುವ ಕ್ಯಾಮರಾವೂ ಅದರಲ್ಲಿರಲಿಲ್ಲ.

ಮುಪ್ಪಿನಲ್ಲಿ ಜಾರಿ ಬೀಳುವುದು ಮತ್ತೊಂದು ಭಯ. ಬಿದ್ದ ಪೆಟ್ಟಿಗಿಂತಲೂ, ಏಳಲಾರದೆ ಬಹಳ ಹೊತ್ತು ಬಿದ್ದಿರುವುದೇ ಕೆಲವೊಮ್ಮೆ ಹೆಚ್ಚು ಅಪಾಯಕರ. ಇದನ್ನು ಕಂಡುಹಿಡಿಯುವ ಸಾಧನವು ವೇಗೋತ್ಕರ್ಷಮಾಪಕ. ಜಾತ್ರೆಯ ತಿರುಗುತೊಟ್ಟಿಲು ಕೆಳಗಿಳಿಯುವಾಗ ಮೈ ಹಗುರವಾದಂತೆ ತೋರುವುದನ್ನು ವಿದ್ಯಾರ್ಥಿಗಳು ಬಲ್ಲರಷ್ಟೆ. ಬೀಳುವ ಮನುಷ್ಯನ ಕೈಯಲ್ಲಿರುವ ಮಾಪಕವೂ ಹಾಗೆಯೇ ಮೊದಲು ಹಗುರವನ್ನು, ಮರುಕ್ಷಣ ನೆಲದ ಬಲವಾದ ಪೆಟ್ಟನ್ನು, ಬಳಿಕ ನಿಶ್ಚಲತೆಯನ್ನು ತೋರಿಸುತ್ತದೆ. ಈ ಮೂರೂ ಕ್ರಮವಾಗಿ ಬಂದರೆ ಬಿದ್ದಿರಬೇಕೆಂದು ಯಂತ್ರವು ಊಹಿಸುತ್ತದೆ. 2018ರಲ್ಲಿ ಆಪಲ್ ಕಂಪೆನಿಯ ಕೈಗಡಿಯಾರಕ್ಕೆ ಈ ಶಕ್ತಿ ಬಂದಿತು. ಧರಿಸಿದವರು ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ಅದು ತಾನಾಗಿಯೇ ನೆರವಿಗೆ ಕರೆ ಕಳುಹಿಸುತ್ತದೆ.

ಆದರೆ ಯಂತ್ರಕ್ಕೂ ಮಿತಿಯುಂಟು. ಕೈಯನ್ನು ಬಲವಾಗಿ ಅಪ್ಪಳಿಸಿದರೆ ಅದು ಬಿದ್ದರೆಂದು ಭ್ರಮಿಸಬಹುದು; ಗೋಡೆಗೊರಗಿ ಮೆಲ್ಲನೆ ಕುಸಿದರೆ ಅರಿಯದೆಯೂ ಹೋಗಬಹುದು. ಸ್ನಾನಕ್ಕೆಂದು ತೆಗೆದಿಟ್ಟ ಗಡಿಯಾರವು ಬಚ್ಚಲಲ್ಲಿ ಜಾರಿದವರಿಗೆ ನೆರವಾಗದು. ಅಲ್ಲದೆ, ಯಾವ ಸಾಧನವನ್ನು ಇಡುವುದಕ್ಕೂ ಹಿರಿಯರ ಒಪ್ಪಿಗೆ ಅವಶ್ಯಕ. ಅವರ ಸ್ವಾತಂತ್ರ್ಯವನ್ನು ಉಳಿಸಲೆಂದು ತಂದ ವಸ್ತುವು ಅವರಿಗೆ ಕಾವಲಾಗಬಾರದು.

ಸಂವೇದಕವು ಸುದ್ದಿಯನ್ನು ಮುಟ್ಟಿಸಬಲ್ಲುದೇ ಹೊರತು ಬಿದ್ದವರನ್ನು ಎತ್ತಲಾರದು. ಸುದ್ದಿ ಬಂದಾಗ ಧಾವಿಸಲು ನೆರೆಯಲ್ಲೊಬ್ಬರು ಬೇಕು. ಆದುದರಿಂದ ಪೋಷಕರು ಇಂತಹ ಸಾಧನವನ್ನು ಕೊಳ್ಳುವ ಮೊದಲು ನೆರೆಮನೆಯವರೊಡನೆ ಮಾತನಾಡಿಡುವುದು ಲೇಸು. ವಿದ್ಯಾರ್ಥಿಗಳೂ ಶಾಲೆಗೆ ಹೋಗುವ ದಾರಿಯಲ್ಲಿ ಒಬ್ಬಂಟಿಗರಾದ ಹಿರಿಯರಿದ್ದರೆ ಒಂದು ಮಾತು ವಿಚಾರಿಸಿ ಹೋಗಲಿ ಎಂದು ನಾವು ಆಶಿಸುತ್ತೇವೆ.