ಹಳೆಯ ವಿದ್ಯುತ್ ಗಿಟಾರನ್ನು ಪರೀಕ್ಷಿಸಿ ಕೊಳ್ಳುವ ಬಗೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಡೆಯ ಮದುವೆಮನೆಗಳಲ್ಲಿ ಮತ್ತು ಊರಹಬ್ಬಗಳಲ್ಲಿ ಆರ್ಕೆಸ್ಟ್ರಾದವರು ನುಡಿಸುವ ವಿದ್ಯುತ್ ಗಿಟಾರನ್ನು ಕೇಳದವರು ವಿರಳ. ಅದನ್ನು ಕಲಿಯಬೇಕೆಂಬ ಆಸೆಯೂ ಕಾಲೇಜು ವಿದ್ಯಾರ್ಥಿಗಳಲ್ಲಿ ಕಡಮೆಯೇನಲ್ಲ. ಆದರೆ ಹೊಸ ವಾದ್ಯದ ಬೆಲೆ ಎಲ್ಲರ ಕೈಗೆ ಎಟುಕುವುದಿಲ್ಲ. ಮಿತವಾದ ಹಣವುಳ್ಳವರು ಹಳೆಯ ವಾದ್ಯವನ್ನು ಹುಡುಕುವುದು ಸಹಜ. ಹೊಳೆಯುವ ಬಣ್ಣಕ್ಕೂ ತಲೆಯ ಮೇಲಿನ ಹೆಸರಿಗೂ ಮರುಳಾದವನು ಮೋಸಹೋಗುತ್ತಾನೆ. ಪ್ರೌಢಶಾಲೆಯಲ್ಲಿ ಕಲಿತ ಭೌತಶಾಸ್ತ್ರವನ್ನು ನೆನಪಿಟ್ಟುಕೊಂಡವನು ಒಂದು ಅಳತೆಪಟ್ಟಿ, ಒಂದು ಮಲ್ಟಿಮೀಟರು, ಜೊತೆಗೆ ಎರಡು ಕಿವಿಗಳು ಇವಿಷ್ಟರಿಂದಲೇ ವಾದ್ಯದ ಗುಣದೋಷಗಳನ್ನು ಬಹುಮಟ್ಟಿಗೆ ಅರಿಯಬಲ್ಲನು. ಆ ಬಗೆಯನ್ನು ಇಲ್ಲಿ ವಿಚಾರಿಸೋಣ.

ತಂತಿಯಿಂದ ವಿದ್ಯುತ್ತಿಗೆ

ಸಾಮಾನ್ಯ ಗಿಟಾರಿನಲ್ಲಿ ತಂತಿಯ ಕಂಪನವು ಪೊಳ್ಳಾದ ಮರದ ಪೆಟ್ಟಿಗೆಯನ್ನು ನಡುಗಿಸುತ್ತದೆ. ಪೆಟ್ಟಿಗೆ ಗಾಳಿಯನ್ನು ನಡುಗಿಸುತ್ತದೆ. ವಿದ್ಯುತ್ ಗಿಟಾರಿನ ಒಡಲು ಸಾಧಾರಣವಾಗಿ ಗಟ್ಟಿ ಮರದ ಹಲಗೆ. ಅದರಿಂದ ಬರುವ ನಾದ ಅತ್ಯಲ್ಪ. ಇಲ್ಲಿ ಕೆಲಸಮಾಡುವುದು ಮೈಕೆಲ್ ಫ್ಯಾರಡೆಯು 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವ. ತಂತಿಗಳ ಕೆಳಗೆ ಪಿಕಪ್ ಎಂಬ ಭಾಗವಿದೆ. ಅದರಲ್ಲಿ ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಉಕ್ಕಿನ ತಂತಿಯು ಅಯಸ್ಕಾಂತದ ಕ್ಷೇತ್ರದಲ್ಲಿ ಅಲುಗಿದಾಗ ಸುರುಳಿಯಲ್ಲಿ ಕ್ಷೀಣವಾದ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರು ಬಲಪಡಿಸಿ ಧ್ವನಿವರ್ಧಕಕ್ಕೆ ಒಪ್ಪಿಸುತ್ತದೆ. ಅಮೆರಿಕದ ಜಾರ್ಜ್ ಬೀಚಮ್ 1931ರಲ್ಲಿ ಇಂಥ ವಾದ್ಯದ ಮಾದರಿಯೊಂದನ್ನು ರೂಪಿಸಿದನು. ಅದಕ್ಕೆ ಪೇಟೆಂಟು ದೊರೆತದ್ದು 1937ರಲ್ಲಿ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಕೇಳುಗನಿಗೆ ಮುಟ್ಟುವ ನಾದದಲ್ಲಿ ಆಂಪ್ಲಿಫೈಯರಿನ ಪಾಲು ದೊಡ್ಡದು. ವಿದ್ಯಾರ್ಥಿಯೊಬ್ಬನು ಹದಿನೈದು ಸಾವಿರ ರೂಪಾಯಿ ಕೂಡಿಟ್ಟಿದ್ದಾನೆಂದು ಭಾವಿಸೋಣ. ಅಷ್ಟನ್ನೂ ಗಿಟಾರಿಗೇ ಸುರಿಯುವುದು ಜಾಣತನವಲ್ಲ. ಸುಮಾರು ಮೂರರಲ್ಲಿ ಒಂದು ಪಾಲನ್ನು ಆಂಪ್ಲಿಫೈಯರಿಗೂ, ಇನ್ನಷ್ಟು ಹಣವನ್ನು ಹೊಸ ತಂತಿಗಳಿಗೂ ರಿಪೇರಿಗೂ ತೆಗೆದಿರಿಸಿ, ಉಳಿದುದರಲ್ಲಿ ವಾದ್ಯವನ್ನು ಹುಡುಕಬೇಕು.

ಕತ್ತಿನ ಪರೀಕ್ಷೆ

ಹಳೆಯ ಗಿಟಾರಿನಲ್ಲಿ ಮೊದಲು ನೋಡಬೇಕಾದದ್ದು ಅದರ ಕತ್ತು. ಆರು ತಂತಿಗಳೂ ಶ್ರುತಿಗೆ ಬಿಗಿದಾಗ ಅವುಗಳ ಒಟ್ಟು ಎಳೆತ ಸುಮಾರು 45 ಕಿಲೋಗ್ರಾಂ ತೂಕದಷ್ಟಾಗುತ್ತದೆ. 50 ಕಿಲೋಗ್ರಾಮಿನ ಒಂದು ಕಾಫಿ ಮೂಟೆಯನ್ನು ನೆನೆದರೆ ಈ ಭಾರದ ಕಲ್ಪನೆ ಬಂದೀತು. ಇಷ್ಟು ಭಾರವನ್ನು ತೆಳ್ಳಗಿನ ಮರ ಹಗಲಿರುಳು ಹೊರಬೇಕು. ಬಾಗದಂತೆ ತಡೆಯಲು ಕತ್ತಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳನ್ನು ಹುದುಗಿಸಿರುತ್ತಾರೆ. ಅದರ ತುದಿಯ ತಿರುಪನ್ನು ತಿರುಗಿಸಿ ಬಾಗನ್ನು ತಿದ್ದಬಹುದು.

ವೀಣೆಯ ಮೆಟ್ಟಿಲುಗಳಂತೆ ಗಿಟಾರಿಗೆ ಫ್ರೆಟ್ಟುಗಳಿವೆ. ಒಂದು ತಂತಿಯನ್ನು ಮೊದಲನೆಯ ಫ್ರೆಟ್ಟಿನಲ್ಲಿಯೂ ಕೊನೆಯ ಫ್ರೆಟ್ಟಿನಲ್ಲಿಯೂ ಏಕಕಾಲಕ್ಕೆ ಒತ್ತಿಹಿಡಿದರೆ ಆ ತಂತಿಯೇ ನೇರವಾದ ಅಳತೆಗೋಲಾಗುತ್ತದೆ. ಆಗ ಏಳನೆಯ ಅಥವಾ ಎಂಟನೆಯ ಫ್ರೆಟ್ಟಿಗೂ ತಂತಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಎಂದರೆ 0.2ರಿಂದ 0.3 ಮಿಲಿಮೀಟರು, ಎಡೆಯಿದ್ದರೆ ಕತ್ತು ಸರಿಯಾಗಿದೆ. ಎಡೆ ಹೆಚ್ಚಾಗಿದ್ದರೆ ಸರಳಿನ ತಿರುಪಿನಲ್ಲಿ ಇನ್ನೂ ತಿರುಗಲು ಅವಕಾಶವಿದೆಯೇ ಎಂದು ಕೇಳಿ ತಿಳಿಯಬೇಕು. ಕತ್ತು ಹಗ್ಗದಂತೆ ತಿರುಚಿಕೊಂಡಿದ್ದರೆ ಅಥವಾ ತಲೆಯ ಬುಡದಲ್ಲಿ ಬಿರುಕಿದ್ದರೆ ಆ ವಾದ್ಯವನ್ನು ಬಿಟ್ಟುಬಿಡುವುದೇ ಲೇಸು.

ಅಳತೆಯ ಪರೀಕ್ಷೆ

ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುವುದರಿಂದ ಅವುಗಳನ್ನು ಸರಿಸಿ ತಿದ್ದಬಹುದು. ಗಿಟಾರಿನ ಫ್ರೆಟ್ಟುಗಳಾದರೋ ಮರದಲ್ಲಿ ನಾಟಿದಂಥವು. ತಯಾರಿಸುವಾಗ ತಪ್ಪಿದ ಅಳತೆಯನ್ನು ಬಳಿಕ ತಿದ್ದುವುದು ಕಷ್ಟ. ತಂತಿಯ ಉದ್ದ ಅರ್ಧವಾದರೆ ಅದರ ಕಂಪನಸಂಖ್ಯೆ ಇಮ್ಮಡಿಯಾಗುತ್ತದೆಂದು ನಾವು ಬಲ್ಲೆವು. ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದಾಗ, ಒಂದು ಸ್ವರದಿಂದ ಮುಂದಿನ ಸ್ವರಕ್ಕೆ ಕಂಪನಸಂಖ್ಯೆ 1.0595 ಪಟ್ಟಾಗುತ್ತದೆ. ಪ್ರತಿ ಫ್ರೆಟ್ಟೂ ಉಳಿದ ಉದ್ದವನ್ನು 17.817ರಿಂದ ಭಾಗಿಸಿದಷ್ಟು ದೂರದಲ್ಲಿರಬೇಕು. ತಂತಿಯ ಉದ್ದ 648 ಮಿಲಿಮೀಟರಾದರೆ ಮೊದಲ ಫ್ರೆಟ್ಟು 36.4 ಮಿಲಿಮೀಟರಿಗೂ ಹನ್ನೆರಡನೆಯದು 324 ಮಿಲಿಮೀಟರಿಗೂ ಬರತಕ್ಕದ್ದು. ಅಳತೆಪಟ್ಟಿಯಿಂದ ಇದನ್ನು ಅಲ್ಲಿಯೇ ನೋಡಬಹುದು.

ಇನ್ನು ಕಿವಿಯ ಪರೀಕ್ಷೆ. ಹನ್ನೆರಡನೆಯ ಫ್ರೆಟ್ಟಿನ ನೇರಕ್ಕೆ ತಂತಿಯನ್ನು ಬೆರಳಿನಿಂದ ಒತ್ತದೆ, ಬರಿದೆ ಸೋಕಿ ಮೀಟಿದರೆ ಗಂಟೆಯಂಥ ಸ್ವರ ಬರುತ್ತದೆ. ಅನಂತರ ಅಲ್ಲಿಯೇ ಒತ್ತಿ ಮೀಟಬೇಕು. ಎರಡೂ ಒಂದೇ ಆಗಿರತಕ್ಕದ್ದು. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜ್ ಎಂಬ ಕುದುರೆಯಲ್ಲಿ ಆ ತಂತಿಯ ಆಧಾರವನ್ನು ತುಸು ಹಿಂದಕ್ಕೆ ಸರಿಸಬೇಕು, ಇಳಿದಿದ್ದರೆ ಮುಂದಕ್ಕೆ. ಇದು ತಿದ್ದಬಹುದಾದ ದೋಷವಾದುದರಿಂದ ಹೆದರಬೇಕಾದ್ದಿಲ್ಲ. ತುಕ್ಕು ಹಿಡಿದ ತಂತಿಯ ತೂಕ ಉದ್ದಕ್ಕೂ ಸಮನಾಗಿರದ ಕಾರಣ ಈ ಪರೀಕ್ಷೆ ಹೊಸ ತಂತಿಯ ಮೇಲೆ ಮಾತ್ರ ನಂಬತಕ್ಕದ್ದು.

ಬಳಿಕ ಪ್ರತಿಯೊಂದು ತಂತಿಯನ್ನೂ ಪ್ರತಿಯೊಂದು ಫ್ರೆಟ್ಟಿನಲ್ಲಿ ಒತ್ತಿ ನುಡಿಸಬೇಕು. ಝರಝರ ಸದ್ದು ಬಂದರೆ ಅಥವಾ ಫ್ರೆಟ್ಟುಗಳಲ್ಲಿ ತಂತಿಯ ಆಳವಾದ ಗೀರುಗಳಿದ್ದರೆ ಅವು ಸವೆದಿವೆಯೆಂದು ತಿಳಿಯಬೇಕು. ಎಲ್ಲವನ್ನೂ ಹೊಸದಾಗಿ ಹಾಕಿಸುವ ಖರ್ಚು ಅಗ್ಗದ ಗಿಟಾರಿನ ಬೆಲೆಯನ್ನೇ ಮುಟ್ಟಬಹುದು.

ಮಲೆನಾಡಿನ ಮಳೆ ಮತ್ತು ಮರ

ಕೊಯ್ದ ಕಾಫಿಯನ್ನು ಸುಮಾರು 10-11 ಶೇಕಡಾ ತೇವಕ್ಕೆ ಒಣಗಿಸದೆ ಮೂಟೆ ಕಟ್ಟಬಾರದೆಂದು ನಮ್ಮ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ಮರಕ್ಕೂ ಇಂಥದೇ ಲೆಕ್ಕವಿದೆ. ಗಾಳಿಯ ಸಾಪೇಕ್ಷ ಆರ್ದ್ರತೆ 30 ಶೇಕಡಾ ಇದ್ದಲ್ಲಿ ಬಹುಕಾಲವಿದ್ದ ಮರದ ತೇವ ಸುಮಾರು 6 ಶೇಕಡಾ. 65 ಇದ್ದಲ್ಲಿ ಸುಮಾರು 12. 90ಕ್ಕೆ ಏರಿದರೆ ಸುಮಾರು 20. ತೇವ ಹೀರಿದ ಮರವು ಎಳೆಯ ಉದ್ದಕ್ಕೆ ಬಹುಮಟ್ಟಿಗೆ ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಆದ್ದರಿಂದ ಫ್ರೆಟ್ಟುಗಳ ದೂರ ಕೆಡದು. ಕತ್ತಿನ ಬಾಗು ಮಾತ್ರ ಬದಲಾಗುತ್ತದೆ.

ಬೆಂಗಳೂರಿನಲ್ಲಿ ಮಾರ್ಚಿಯಲ್ಲಿ ಕೊಂಡ ಗಿಟಾರನ್ನು ಜೂನಿನಲ್ಲಿ ಕೊಟ್ಟಿಗೆಹಾರಕ್ಕೋ ಕಳಸಕ್ಕೋ ತಂದರೆ ಅದು ಬೇರೆಯಾದ ನಡತೆ ತೋರುವುದರಲ್ಲಿ ಆಶ್ಚರ್ಯವಿಲ್ಲ. ತಂದೊಡನೆಯೇ ಸರಳನ್ನು ತಿರುಗಿಸದೆ ಎರಡು ಮೂರು ವಾರ ಕಾದು ತಿದ್ದುವುದು ಮೇಲು. ಬೇಸಗೆಯಲ್ಲಿ ಕೊಳ್ಳುವಾಗ ಕತ್ತಿನ ಅಂಚಿನ ಉದ್ದಕ್ಕೂ ಹೆಬ್ಬೆರಳನ್ನು ಸವರಿ ನೋಡಿರಿ: ಫ್ರೆಟ್ಟಿನ ತುದಿಗಳು ಚುಚ್ಚಿದರೆ ಮರ ಒಣಗಿ ಕುಗ್ಗಿದೆ. ಮಳೆಗಾಲದಲ್ಲಿ ಕೊಳ್ಳುವಾಗ ತಿರುಪುಗಳ ತುಕ್ಕನ್ನೂ, ಸಂದುಗಳ ಬೂಷ್ಟನ್ನೂ, ಹಿಂಬದಿಯ ಮುಚ್ಚಳದೊಳಗೆ ಬೆಸುಗೆಗಳ ಹಸಿರು ಕಿಲುಬನ್ನೂ ನೋಡಬೇಕು.

ಅನೇಕ ಗಿಟಾರುಗಳ ಕತ್ತಿನ ಮೇಲಿನ ಕಪ್ಪು ಹಲಗೆ ನಮ್ಮ ಪಶ್ಚಿಮಘಟ್ಟಗಳಲ್ಲಿಯೂ ಬೆಳೆಯುವ ಬೀಟೆ ಮರದ್ದು. ಬೀಟೆಯ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರಲ್ಲಿ ನಿರ್ಬಂಧ ಬಂದಿತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು.

ವಿದ್ಯುತ್ತಿನ ಪರೀಕ್ಷೆ

ಗಿಟಾರಿಗೆ ಕೇಬಲನ್ನು ಸಿಕ್ಕಿಸಿ, ವಾಲ್ಯೂಮನ್ನು ಪೂರ್ತಿ ಏರಿಸಿ, ಕೇಬಲಿನ ಇನ್ನೊಂದು ತುದಿಯ ಮೊನೆಗೂ ಬುಡಕ್ಕೂ ಮಲ್ಟಿಮೀಟರಿನ ಕಡ್ಡಿಗಳನ್ನು ತಾಗಿಸಬೇಕು. ಪಿಕಪ್ ಸರಿಯಾಗಿದ್ದರೆ ರೋಧವು ಸಾಮಾನ್ಯವಾಗಿ 5ರಿಂದ 15 ಸಾವಿರ ಓಮಿನೊಳಗೆ ಬರುತ್ತದೆ. 250 ಸಾವಿರ ಅಥವಾ 500 ಸಾವಿರ ಓಮಿನ ಸುತ್ತ ಬಂದರೆ ಅದು ವಾಲ್ಯೂಮ್ ನಿಯಂತ್ರಕದ ರೋಧ. ಸುರುಳಿಯ ತಂತಿ ಎಲ್ಲೋ ಹರಿದಿದೆಯೆಂದು ಅರ್ಥ. ಸೊನ್ನೆ ಬಂದರೆ ತಂತಿಗಳು ಒಂದಕ್ಕೊಂದು ತಾಗಿವೆ. ಸ್ವಿಚ್ಚನ್ನು ಸರಿಸಿ ಎಲ್ಲ ಪಿಕಪ್ಪುಗಳನ್ನೂ ಹೀಗೆ ನೋಡಬೇಕು. ಬ್ಯಾಟರಿ ಇರುವ ಗಿಟಾರುಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಗಿಟಾರಿನ ಉಕ್ಕಿನ ತಂತಿಗಳು ಕೇಬಲಿನ ಮೂಲಕ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೂ, ಅಲ್ಲಿಂದ ಮೂರು ಕಡ್ಡಿಗಳ ಪ್ಲಗ್ಗಿನ ಮೂಲಕ ಭೂಮಿಗೂ ಸೇರಿರುತ್ತವೆ. ನಾವು ತಂತಿಯನ್ನು ಮುಟ್ಟಿದಾಗ ಗುಂಯ್‌ಗುಡುವ ಸದ್ದು ತಗ್ಗಿದರೆ ಗಿಟಾರಿನೊಳಗಿನ ಜೋಡಣೆ ಸರಿಯಾಗಿದೆ. ಮುಟ್ಟಿದಾಗ ಸದ್ದು ಹೆಚ್ಚಿದರೆ, ಇಲ್ಲವೇ ಕೈ ಜುಮ್ಮೆಂದರೆ, ಕೂಡಲೆ ಕೈಬಿಟ್ಟು ಮೇನ್ ಸ್ವಿಚ್ಚನ್ನು ಆರಿಸತಕ್ಕದ್ದು. ಭೂಸಂಪರ್ಕ ತಪ್ಪಿದ ಆಂಪ್ಲಿಫೈಯರಿನಲ್ಲಿ ವಿದ್ಯುತ್ತು ಸೋರುತ್ತಿದ್ದರೆ, ತಂತಿಯ ಮೇಲೆ ಒಂದು ಕೈಯನ್ನೂ ಮೈಕಿನ ಮೇಲೆ ಇನ್ನೊಂದು ಕೈಯನ್ನೂ ಇಟ್ಟವನ ಎದೆಯ ಮೂಲಕ ಅದು ಹರಿಯಬಹುದು. ನೆಲವೂ ಕೈಯೂ ಒದ್ದೆಯಾಗಿರುವ ಮಳೆಗಾಲದಲ್ಲಿ ಚರ್ಮದ ರೋಧ ತಗ್ಗಿ ಅಪಾಯ ಹೆಚ್ಚುತ್ತದೆ. ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಮುರಿದಿರುವ ಆಂಪ್ಲಿಫೈಯರನ್ನು ಎಷ್ಟೇ ಅಗ್ಗವಾದರೂ ಹಾಗೆಯೇ ಬಳಸಬಾರದು. ಮನೆಯ ಭೂಸಂಪರ್ಕವನ್ನು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷೆ ಮಾಡಿಸಿ, 30 ಮಿಲಿಆಂಪಿಯರ್ ಸೋರಿಕೆಗೆ ಕಡಿದುಕೊಳ್ಳುವ ಆರ್‌ಸಿಸಿಬಿಯನ್ನು ಹಾಕಿಸಿದ ಮೇಲೆಯೇ ಗಿಟಾರನ್ನು ಕೈಗೆತ್ತಿಕೊಳ್ಳಬೇಕು. ಈ ವೆಚ್ಚವನ್ನೂ ಕೂಡಿಟ್ಟ ಹಣದ ಲೆಕ್ಕದಲ್ಲಿ ಮೊದಲೇ ಬರೆದುಕೊಳ್ಳುವುದು ವಿವೇಕ.