ಹಲಗಲಿಗೆ ಬಂದ ಕುದುರೆಯ ದಳಪತಿ

ಅರುವತ್ತು ವರ್ಷಗಳ ಕೀರ್ತಿ ಒಂದು ಕಡೆ. ಒಂದು ಮುಂಜಾವಿನ ಬೆಂಕಿ ಇನ್ನೊಂದು ಕಡೆ

ಘಟಪ್ರಭೆಯ ದಂಡೆಯ ಮೇಲಿರುವ ಕಲಾದಗಿಯೆಂದರೆ ದಾಳಿಂಬೆ, ಚಿಕ್ಕು ಹಣ್ಣುಗಳ ಊರೆಂದು ಎಲ್ಲರೂ ಬಲ್ಲರು. ಆದರೆ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಆ ಹೆಸರು ಕೇಳಿದೊಡನೆ ಸುತ್ತಲಿನ ಜನಕ್ಕೆ ನೆನಪಾಗುತ್ತಿದ್ದುದು ಹಣ್ಣಲ್ಲ, ಕುದುರೆಯ ಗೊರಸಿನ ಸಪ್ಪಳ. ಅಲ್ಲಿ ಕಂಪನಿ ಸರಕಾರದ ದಂಡು ಬೀಡುಬಿಟ್ಟಿತ್ತು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಕಡೆಗೆ ಹೋಗುವ ದಾರಿಗಳ ಮೇಲೂ, ಮುಧೋಳ, ಜಮಖಂಡಿ, ರಾಮದುರ್ಗ, ನರಗುಂದಗಳ ಸಂಸ್ಥಾನಿಕರ ಮೇಲೂ ಕಣ್ಣಿಡುವುದು ಅದರ ಕೆಲಸ. ದಕ್ಷಿಣ ಮರಾಠಾ ಅಶ್ವದಳವೆಂದು ಅದರ ರಾವುತರಿಗೆ ಹೆಸರು. 1857ರಲ್ಲಿ ಅದರ ದಳಪತಿಯಾಗಿದ್ದವನು ಲೆಫ್ಟಿನೆಂಟ್ ಕರ್ನಲ್ ಜಾರ್ಜ್ ಮಾಲ್ಕಮ್. ಆಗ ಅವನಿಗೆ 39 ವರ್ಷ.

ಈತನ ಬಾಳು ವಿಕ್ಟೋರಿಯಾ ರಾಣಿಯ ಕಾಲದೊಡನೆ ಹೆಣೆದುಕೊಂಡಂತೆ ಇದೆ. ರಾಣಿ ಹುಟ್ಟುವ ಹಿಂದಿನ ವರ್ಷ, 1818ರ ಸೆಪ್ಟೆಂಬರ್ 10ರಂದು, ಮುಂಬಯಿಯಲ್ಲಿ ಅವನು ಹುಟ್ಟಿದನು. ಆಕೆ ಪಟ್ಟವೇರುವುದಕ್ಕೆ ಒಂದು ವರ್ಷ ಮೊದಲು, 1836ರ ಜೂನಿನಲ್ಲಿ, ಸೈನ್ಯಕ್ಕೆ ಸೇರಿದನು. ಆಕೆಯ ವಜ್ರ ಮಹೋತ್ಸವಕ್ಕೆ ಎರಡೇ ತಿಂಗಳು ಉಳಿದಿರುವಾಗ, 1897ರ ಏಪ್ರಿಲಿನಲ್ಲಿ, ಜನರಲ್ ಪದವಿಯನ್ನೂ 'ಸರ್' ಎಂಬ ಬಿರುದನ್ನೂ ಹೊತ್ತು ಕಣ್ಣುಮುಚ್ಚಿದನು. ಇಷ್ಟು ದೀರ್ಘವಾದ ಚರಿತ್ರೆಯಲ್ಲಿ ಬಾಗಲಕೋಟೆ ಸೀಮೆಗೆ ಸಂಬಂಧಪಟ್ಟ ದಿನಗಳು ಕೆಲವೇ. ಆ ಕೆಲವು ದಿನಗಳನ್ನು ಇಲ್ಲಿಯ ಜನ ಮರೆಯಲಿಲ್ಲ.

ನಾಲ್ವರು 'ಸರ್'ಗಳ ಮನೆತನ

ಮಾಲ್ಕಮರದು ಸ್ಕಾಟ್ಲೆಂಡಿನ ಎಸ್ಕ್‌ಡೇಲ್ ಕಣಿವೆಯ ಹೆಸರಾಂತ ಮನೆತನ. ಜಾರ್ಜನ ತಂದೆ ಡೇವಿಡ್ ಮುಂಬಯಿಯಲ್ಲಿ ವ್ಯಾಪಾರಿ. ಆದರೆ ದೊಡ್ಡಪ್ಪ, ಚಿಕ್ಕಪ್ಪಂದಿರ ಪೈಕಿ ನಾಲ್ವರು 'ಸರ್' ಪದವಿಯವರು. ಸರ್ ಪಲ್ಟ್ನಿ ನೌಕಾದಳದ ಅಡ್ಮಿರಲ್. ಸರ್ ಜಾನ್ ಮಾಲ್ಕಮ್ 1827ರಿಂದ 1830ರವರೆಗೆ ಮುಂಬಯಿಯ ಗವರ್ನರನಾಗಿದ್ದವನು.

ಈ ಜಾನ್ ಮಾಲ್ಕಮನ ಬಾಲ್ಯದ ಕಥೆಯೊಂದು ಕನ್ನಡಿಗರಿಗೆ ಸ್ವಾರಸ್ಯಕರವಾದದ್ದು. ಇನ್ನೂ ಹನ್ನೆರಡು ಹದಿಮೂರರ ಹುಡುಗನಾಗಿದ್ದಾಗಲೇ ಅವನನ್ನು ನೌಕರಿಗಾಗಿ ಕಂಪನಿಯ ನಿರ್ದೇಶಕರ ಮುಂದೆ ನಿಲ್ಲಿಸಿದರಂತೆ. ಆಗ ಇಂಗ್ಲೆಂಡಿನಲ್ಲಿ ಮನೆಮಾತಾಗಿದ್ದ ಹೆಸರು ಮೈಸೂರಿನ ಹೈದರಾಲಿಯದು. ಹೈದರನು ಎದುರಾದರೆ ಏನು ಮಾಡುವೆಯೆಂದು ಒಬ್ಬರು ನಗುತ್ತ ಕೇಳಿದರು. ಕತ್ತಿ ಹಿರಿದು ತಲೆ ಕಡಿಯುವೆನೆಂದು ಹುಡುಗ ಉತ್ತರ ಕೊಟ್ಟನು, ನೌಕರಿ ಸಿಕ್ಕಿತು. ಕಂಡರಿಯದ ನಾಡಿನ, ಕಂಡರಿಯದ ಅರಸನ ತಲೆಯನ್ನು ಕಡಿಯುವ ಮಾತು ಬಾಲಕನ ಬಾಯಲ್ಲಿ ಮೆಚ್ಚುಗೆಗೆ ಪಾತ್ರವಾಗುತ್ತಿದ್ದ ಕಾಲವದು. ಅಂಥ ಮನೆಯ ಹುಡುಗನಿಗೆ ಹದಿನೆಂಟು ತುಂಬುವ ಮೊದಲೇ ಸೈನ್ಯದ ಬಾಗಿಲು ತೆರೆದುದರಲ್ಲಿ ಆಶ್ಚರ್ಯವೇನಿದೆ?

ಸಿಂಧಿನ ಮರಳಿನಲ್ಲಿ

ಮಾಲ್ಕಮ್ ಕಾಲಾಳು ಪಡೆಗೆ ಸೇರಿದವನಾದರೂ ಹೆಸರು ಗಳಿಸಿದ್ದು ಕುದುರೆಯ ಮೇಲೆ. 1839ರ ಅಫಘಾನ ಯುದ್ಧದಲ್ಲಿ ಸಿಂಧ್ ಅಶ್ವದಳದ ತುಕಡಿಯೊಂದನ್ನು ನಡೆಸಿ ಗಜನಿ ಕೋಟೆ ಬಿದ್ದುದನ್ನು ಕಂಡನು. ಮರುವರ್ಷ ಬಲೂಚಿಸ್ತಾನದ ನಫೂಸ್ಕ್ ಕಣಿವೆಯಲ್ಲಿ ಸೋಲಿನ ರುಚಿಯನ್ನೂ ಕಂಡನು. 1840ರ ಆಗಸ್ಟ್ 31ರ ಆ ಸುಡುಬಿಸಿಲಿನಲ್ಲಿ ಶತ್ರುವಿನ ಕತ್ತಿಯಷ್ಟೇ ಬಾಯಾರಿಕೆಯೂ ಸೈನಿಕರನ್ನು ಕೊಂದಿತು. ಒಂಬತ್ತು ವರ್ಷಗಳ ತರುವಾಯ, 1849ರ ಫೆಬ್ರವರಿ 21ರಂದು, ಪಂಜಾಬದ ಗುಜರಾತ್ ಎಂಬಲ್ಲಿ ಸಿಖ್ಖರ ಪರವಾಗಿ ಬಂದಿದ್ದ ಅಫಘಾನ ರಾವುತರ ಮೇಲೆ ಮಾಲ್ಕಮನ ಸಿಂಧ್ ಕುದುರೆಗಳು ನುಗ್ಗಿ ಅವರನ್ನು ಚದುರಿಸಿದವು. ಅಲ್ಲಿಂದ ಅವನ ಹೆಸರು ಮೇಲಕ್ಕೇರಿತು.

ಇಂಥ ದಳಗಳ ವ್ಯವಸ್ಥೆ ನಮ್ಮ ನಾಡಿಗೆ ಹೊಸದೇನಲ್ಲ. ಮರಾಠರ ಕಾಲದ ಶಿಲೇದಾರಿ ಪದ್ಧತಿಯನ್ನೇ ಆಂಗ್ಲರು ಎತ್ತಿಕೊಂಡಿದ್ದರು. ಶಿಲೇದಾರನೆಂದರೆ ತನ್ನ ಸ್ವಂತ ಕುದುರೆ, ತನ್ನ ಸ್ವಂತ ಆಯುಧದೊಡನೆ ಚಾಕರಿಗೆ ಬಂದವನು. ಸರಕಾರ ಕೊಡುವ ಸಂಬಳದಲ್ಲಿಯೇ ಅವನ ಊಟವೂ ಕುದುರೆಯ ಮೇವೂ ಸಾಗಬೇಕು. ಇನ್ನೊಬ್ಬರ ಕುದುರೆ ಏರಿ ಕಾದುವವನು ಬಾರಗೀರ. ಸ್ವಂತ ಕುದುರೆಯುಳ್ಳವನಿಗೆ ಅದು ಬದುಕಿನ ಬಂಡವಾಳ. ಅದು ಸತ್ತರೆ ಮಾನವೂ ಹೋಯಿತು, ಅನ್ನವೂ ಹೋಯಿತು. ಸರಕಾರಕ್ಕೋ ಖರ್ಚು ಕಡಿಮೆ, ಓಟ ಹೆಚ್ಚು. ದಕ್ಷಿಣ ಮರಾಠಾ ಅಶ್ವದಳದಲ್ಲಿ ಆಂಗ್ಲ ಅಧಿಕಾರಿಗಳು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಈ ನೆಲದವರೇ.

ಈ ಸೀಮೆಯಲ್ಲಿ ಕುದುರೆಯ ದಂಡು ಏಕೆ ಬೇಕಾಯಿತೆಂಬುದಕ್ಕೆ ಬಾದಾಮಿಯೇ ಸಾಕ್ಷಿ. 1818ರಲ್ಲಿ ಥಾಮಸ್ ಮನ್ರೋ ಆ ಬಲವಾದ ಕೋಟೆಯನ್ನು ಗೆದ್ದು ಕಂಪನಿಯ ನಿಶಾನೆ ಹಾರಿಸಿದನು. ಆದರೆ 1841ರಲ್ಲಿ ನರಸಿಂಗ ದತ್ತಾತ್ರೇಯನೆಂಬ ಕುರುಡ ಬ್ರಾಹ್ಮಣನು ನಿಜಾಮನ ಸೀಮೆಯಿಂದ ನೂರಿಪ್ಪತ್ತೈದು ಅರಬರನ್ನು ಕಟ್ಟಿಕೊಂಡು ಬಂದು ಬಾದಾಮಿಯನ್ನು ಹಿಡಿದುಬಿಟ್ಟನು! ಧಾರವಾಡದಿಂದ ಸೈನ್ಯ ಬಂದು ಅವನನ್ನು ಸೆರೆಹಿಡಿಯಿತಾದರೂ, ಈ ಭಾಗದ ನೆಲ ತಣ್ಣಗಾಗಿಲ್ಲವೆಂಬ ಮಾತು ಸರಕಾರದ ಮನಸ್ಸಿಗೆ ನಾಟಿತು.

ಬೇಡರ ಆಯುಧ, ಬೇಡರ ಬಾಳು

1857ರ ಮೇ ತಿಂಗಳಲ್ಲಿ ಮೀರತ್ತಿನಲ್ಲಿ ಎದ್ದ ಉರಿ ದಕ್ಷಿಣಕ್ಕೂ ಹಬ್ಬಿತು. ಜುಲೈ ಕೊನೆಗೆ ಕೊಲ್ಹಾಪುರದಲ್ಲಿ 27ನೆಯ ಮುಂಬಯಿ ಕಾಲಾಳು ಪಡೆಯ ಸಿಪಾಯಿಗಳು ತಿರುಗಿಬಿದ್ದರು. ಅವರನ್ನು ಅಡಗಿಸುವುದರಲ್ಲಿ ಮುಂದಾದವನು ಮಾಲ್ಕಮನ ದಳದವನೇ ಆದ ಲೆಫ್ಟಿನೆಂಟ್ ವಿಲಿಯಂ ಕೆರ್. ಅದಕ್ಕಾಗಿ ಅವನಿಗೆ ವಿಕ್ಟೋರಿಯಾ ಕ್ರಾಸ್ ಪದಕ ದೊರೆಯಿತು. ಅವನ ಪಕ್ಕದಲ್ಲಿ ನಿಂತು ಪ್ರಾಣ ಉಳಿಸಿದ ರಾವುತ ಗಣಪತರಾವ್ ದೇವಕರ್. ಅಂದಿನ ನಿಯಮದಂತೆ ಆ ಪದಕಕ್ಕೆ ಭಾರತೀಯ ಸೈನಿಕರು ಅರ್ಹರಾಗಿರಲಿಲ್ಲ.

ಇನ್ನು ಜನರ ಕೈಯಲ್ಲಿ ಆಯುಧವಿರಕೂಡದೆಂದು ಸರಕಾರ ನಿರ್ಧರಿಸಿತು. ಸೆಪ್ಟೆಂಬರ್ 11ರಂದು ನಿಶ್ಶಸ್ತ್ರೀಕರಣದ ಕಾನೂನು ಹೊರಬಿದ್ದಿತು. ಅಪ್ಪಣೆಯಿಲ್ಲದೆ ಯಾರೂ ಹತಾರ ಇಟ್ಟುಕೊಳ್ಳಬಾರದು, ಇದ್ದುದನ್ನು ತಂದೊಪ್ಪಿಸಬೇಕು. ಕಾಗದದ ಮೇಲೆ ಇದು ಸರಳವಾದ ಮಾತು. ಆದರೆ ಮುಧೋಳ ಸಂಸ್ಥಾನದ ಹಲಗಲಿಯಂಥ ಹಳ್ಳಿಯಲ್ಲಿ ಅದರ ಅರ್ಥವೇ ಬೇರೆ. ಅಲ್ಲಿಯ ಬೇಡರಿಗೆ ಬೇಟೆಯೂ ಊರ ಕಾವಲೂ ಕುಲವೃತ್ತಿ. ಅಪ್ಪನಿಂದ ಮಗನಿಗೆ ಬರುವ ಆಸ್ತಿಯೆಂದರೆ ಕತ್ತಿ, ಕೋವಿ. ಅದನ್ನು ಕಸಿದುಕೊಂಡರೆ ರೈತನ ನೇಗಿಲನ್ನು ಕಸಿದುಕೊಂಡಂತೆ; ಅದಕ್ಕಿಂತ ಮಿಗಿಲಾಗಿ ಮುಖವನ್ನೇ ಕಸಿದುಕೊಂಡಂತೆ.

ಹತಾರ ಕೊಡುವುದಿಲ್ಲವೆಂದು ಬೇಡರು ಕಡ್ಡಿ ಮುರಿದಂತೆ ಹೇಳಿದರು. ಪೂಜಾರಿ ಹನುಮ, ಬಾಲ, ಜಡಗ, ರಾಮ ಎಂಬ ನಾಯಕರು ಮುಂದೆ ನಿಂತರು. ಸುತ್ತಲಿನ ಹಳ್ಳಿಗಳ ಬೇಡರೂ ಬಂದು ಕೂಡಿಕೊಂಡರು. ಮುಧೋಳದ ಕಾರಭಾರಿಗಳು ಬುದ್ಧಿ ಹೇಳಿದ್ದು ವ್ಯರ್ಥವಾಯಿತು. ಕೊನೆಗೆ ಕಲಾದಗಿಗೆ ಸುದ್ದಿ ಹೋಯಿತು.

ನವೆಂಬರ್ 29ರಂದು ಮಾಲ್ಕಮನ ದಂಡು ಹಲಗಲಿಯ ಕಡೆ ಸಾಗಿತು. ಕುದುರೆಯವರು ಊರನ್ನು ಸುತ್ತುಗಟ್ಟಿದರು. ಬೇಡರು ಗೋಡೆಗಳ ಮರೆಯಿಂದ ಗುಂಡು ಹಾರಿಸಿ ಎದುರು ನಿಂತರು. ಮರುದಿನ ಸೈನ್ಯ ಒಳನುಗ್ಗಿತು. ಮನೆಗಳಿಗೆ ಬೆಂಕಿ ಬಿದ್ದಿತು. ಸುಮಾರು ನೂರು ಮಂದಿ ಮಡಿದರು. ಸುಮಾರು 290 ಮಂದಿ ಸೆರೆಸಿಕ್ಕರು. ವಿಚಾರಣೆಗೆ ಹೆಚ್ಚು ಕಾಲ ಹಿಡಿಯಲಿಲ್ಲ. ಡಿಸೆಂಬರ್ 11ರಂದು ಮುಧೋಳದಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಡಿಸೆಂಬರ್ 14ರಂದು ಹಲಗಲಿಯಲ್ಲಿಯೇ, ಸುಟ್ಟು ಕರಿಯಾದ ಅವರ ಊರಿನಲ್ಲಿಯೇ, ಇನ್ನೂ ಆರು ಮಂದಿಗೆ ಗಲ್ಲಾಯಿತು. ಕಾನೂನು ಹೊರಟು ಮೂರೇ ತಿಂಗಳು, ಹಳ್ಳಿಯೊಂದು ಇಲ್ಲವಾಗಿತ್ತು.

ಸುರಪುರ, ನರಗುಂದ

ಮಾಲ್ಕಮನ ಕುದುರೆಗಳಿಗೆ ಆ ಚಳಿಗಾಲದಲ್ಲಿ ಬಿಡುವಿರಲಿಲ್ಲ. ಹುನಗುಂದ, ಇಳಕಲ್ಲುಗಳನ್ನು ದಾಟಿ ಪೂರ್ವಕ್ಕೆ ಹೋದರೆ ರಾಯಚೂರು ದೋಆಬ. ಕೃಷ್ಣೆಯ ಆಚೆ ಸುರಪುರದ ಬೇಡ ಸಂಸ್ಥಾನ. ಅಲ್ಲಿಯ ತರುಣ ರಾಜ ವೆಂಕಟಪ್ಪನಾಯಕನನ್ನು ಚಿಕ್ಕಂದಿನಿಂದ ಸಾಕಿ ಬೆಳೆಸಿದವನು ಮೆಡೋಸ್ ಟೇಲರ್. ರಾಜನು ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದನು. 1858ರ ಫೆಬ್ರವರಿ 7ರ ರಾತ್ರಿ ಸುರಪುರದ ಬಳಿ ಬೀಡುಬಿಟ್ಟಿದ್ದ ಆಂಗ್ಲ ಪಡೆಯ ಮೇಲೆ ರಾಜನ ಕಡೆಯವರು ಬಿದ್ದರು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದನು. ಆದರೆ ನಾನಾ ದಿಕ್ಕಿನಿಂದ ಸೈನ್ಯ ಕೂಡಿಬರಲು, ಸುರಪುರ ಕೈಬಿಟ್ಟಿತು. ಅದರಲ್ಲಿ ಮಾಲ್ಕಮನ ದಂಡಿನ ಪಾಲೂ ಇದ್ದಿತು. ಹೈದರಾಬಾದಿಗೆ ಓಡಿದ ರಾಜನು ಸೆರೆಯಾಗಿ, ದೂರದ ಕೋಟೆಗೆ ಸಾಗಿಸುವ ದಾರಿಯಲ್ಲಿ ಗುಂಡೇಟಿನಿಂದ ಅಸುನೀಗಿದನು.

ಬೇಸಗೆಯಲ್ಲಿ ನರಗುಂದದ ಸರದಿ. ಬಾಬಾಸಾಹೇಬನೆಂದು ಪ್ರಸಿದ್ಧನಾದ ಅರಸ ಭಾಸ್ಕರರಾವ್ ಭಾವೆ ಸಾವಿರಾರು ಗ್ರಂಥಗಳ ಭಂಡಾರವನ್ನು ಕಟ್ಟಿದ್ದ ವಿದ್ಯಾಪ್ರಿಯ. ಅವನಿಗೆ ಮಕ್ಕಳಿರಲಿಲ್ಲ; ದತ್ತಕಕ್ಕೆ ಸರಕಾರ ಒಪ್ಪಲಿಲ್ಲ. ವಂಶವೂ ಸಂಸ್ಥಾನವೂ ತನ್ನೊಂದಿಗೇ ಮುಗಿಯುವುದೆಂಬ ಸಂಕಟ ಅವನನ್ನು ಒಳಗೇ ಬೇಯಿಸುತ್ತಿದ್ದಿತು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಅವನ ಕಡೆಯವರು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನನ್ನು ಕೊಂದು, ತಲೆಯನ್ನು ನರಗುಂದದ ಅಗಸೆಗೆ ತೂಗುಹಾಕಿದರು. ಮಾಲ್ಕಮ್ ತಡಮಾಡಲಿಲ್ಲ. ಜೂನ್ 1ರಂದು ಊರಿನ ಮೇಲೆ ಬಿದ್ದನು. ಮರುದಿನ ಗುಡ್ಡದ ಮೇಲಣ ಕೋಟೆ ಅವನ ವಶವಾಯಿತು. ಯಾತ್ರಿಕನ ವೇಷದಲ್ಲಿ ಹೊರಟಿದ್ದ ಬಾಬಾಸಾಹೇಬನನ್ನು ತೊರಗಲ್ಲಿನ ಕಾಡಿನಲ್ಲಿ ಪೊಲೀಸ್ ಅಧಿಕಾರಿ ಸೌಟರ್ ಹಿಡಿದನು. ಜೂನ್ 12ರಂದು ಬೆಳಗಾವಿಯಲ್ಲಿ ಅವನಿಗೆ ಗಲ್ಲಾಯಿತು. ತಾಯಿಯೂ ಮಡದಿಯೂ ಮಲಪ್ರಭೆಯ ಮಡುವಿನಲ್ಲಿ ಪ್ರಾಣ ಬಿಟ್ಟರು.

ಏಳು ತಿಂಗಳೊಳಗೆ ಮೂರು ದಂಗೆಗಳು ಅಡಗಿದ್ದವು. 1859ರಲ್ಲಿ ಮಾಲ್ಕಮನಿಗೆ ಸಿ.ಬಿ. ಎಂಬ ಗೌರವ ಸಂದಿತು.

ಕೀರ್ತಿಯ ಮೆಟ್ಟಿಲು

ಮುಂದಿನದು ಏರುತ್ತ ಹೋದ ಮೆಟ್ಟಿಲು. 1867–68ರಲ್ಲಿ ಅಬಿಸೀನಿಯದ ದೊರೆ ಥಿಯೊಡೋರನು ಸೆರೆಯಲ್ಲಿಟ್ಟಿದ್ದ ಯುರೋಪಿಯನ್ನರನ್ನು ಬಿಡಿಸಲು ನೇಪಿಯರನ ನಾಯಕತ್ವದಲ್ಲಿ ಮುಂಬಯಿಯಿಂದ ಸೈನ್ಯ ಹೊರಟಿತು. ಅದರ ಎರಡನೆಯ ವಿಭಾಗದ ಅಧಿಪತಿ ಮಾಲ್ಕಮ್. ಕಡಲ ತೀರದಿಂದ ಮಗ್ದಾಲ ಕೋಟೆಯವರೆಗೆ ಸುಮಾರು ನಾನ್ನೂರು ಮೈಲಿಗಳ ಬೆಟ್ಟದ ದಾರಿ. ನೀರು, ಅಕ್ಕಿ, ಮದ್ದುಗುಂಡು ಎಲ್ಲವೂ ಆನೆ, ಹೇಸರಗತ್ತೆ, ಒಂಟೆಗಳ ಬೆನ್ನಿನ ಮೇಲೆ ಸಾಗಬೇಕು. ಆ ದಾರಿಯನ್ನು ಕಾಯುವುದು ಅವನ ಹೊಣೆ. ಏಪ್ರಿಲ್ 13ರಂದು ಮಗ್ದಾಲ ಬಿದ್ದಿತು. ಥಿಯೊಡೋರನು ತನ್ನ ಕೈಯಿಂದಲೇ ಜೀವ ಕಳೆದುಕೊಂಡನು. ಮಾಲ್ಕಮನಿಗೆ ಕೆ.ಸಿ.ಬಿ. ಪದವಿಯೂ 'ಸರ್' ಬಿರುದೂ ಬಂದವು. 1877ರಲ್ಲಿ ಜನರಲ್ ಆದನು; 1886ರಲ್ಲಿ ಜಿ.ಸಿ.ಬಿ. ಎಂಬ ಅತ್ಯುನ್ನತ ಗೌರವ. ಇಂಗ್ಲೆಂಡಿನ ಲೆಮಿಂಗ್ಟನ್ ಪಟ್ಟಣದಲ್ಲಿ, 78ನೆಯ ವಯಸ್ಸಿನಲ್ಲಿ, ಅವನ ದಿನಗಳು ಮುಗಿದವು.

ಯಾರ ಚರಿತ್ರೆ?

ಆಂಗ್ಲರ ಜೀವನಚರಿತ್ರೆಯ ಕೋಶದಲ್ಲಿ ಮಾಲ್ಕಮನಿಗೆ ಸ್ಥಾನವಿದೆ. ಅಲ್ಲಿ ಹಲಗಲಿಗೆ ದೊರೆತಿರುವುದು ಕೆಲವು ಶಬ್ದಗಳ ಜಾಗ; ಅವನು ಗೆದ್ದುಕೊಂಡ ಊರುಗಳಲ್ಲಿ ಅದೂ ಒಂದು. ಗಲ್ಲಿಗೇರಿದ ಬೇಡರ ಹೆಸರು ಅಲ್ಲಿಲ್ಲ.

ಆದರೆ ಬಾಗಲಕೋಟೆಯ ಸೀಮೆಯಲ್ಲಿ ಬೇರೊಂದು ಚರಿತ್ರೆ ಹುಟ್ಟಿತು. ಅಕ್ಷರ ಬಲ್ಲವರು ಬರೆಯುವ ಮೊದಲೇ ಲಾವಣಿಕಾರರು ಹಲಗಲಿಯ ಕಥೆಯನ್ನು ಕಟ್ಟಿ ಹಾಡಿದರು. ಮುಂಬಯಿ ಸರಕಾರದ ಅಧಿಕಾರಿಯೂ ಶಾಸನ ವಿದ್ವಾಂಸನೂ ಆದ ಜಾನ್ ಫೇಯ್ತ್‌ಫುಲ್ ಫ್ಲೀಟ್ ಅದನ್ನು ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನು. ಹಳ್ಳಿಯನ್ನು ಸುಟ್ಟ ಸರಕಾರದ ನೌಕರನೊಬ್ಬನೇ ಆ ಹಳ್ಳಿಯ ಗೋಳನ್ನು ಉಳಿಸಿದ್ದು ಚರಿತ್ರೆಯ ವಿಚಿತ್ರ.

ಆ ಲಾವಣಿಯಲ್ಲಿ ವೀರರ ಹೆಸರುಗಳಿವೆ, ಕಾಳಗದ ಕೆಚ್ಚಿದೆ. ಆದರೆ ಕೇಳುವವರ ಎದೆಯನ್ನು ಹಿಂಡುವ ಭಾಗ ಅದಲ್ಲ. ಸೈನಿಕರು ಮನೆಮನೆಯಿಂದ ಒಯ್ದ ವಸ್ತುಗಳನ್ನು ಹಾಡುಗಾರ ಒಂದೊಂದಾಗಿ ಎಣಿಸುತ್ತಾನೆ: ಕೊಡಲಿ, ಹಾಲು, ಬೆಣ್ಣೆ, ಉಪ್ಪು, ಅರಿಸಿನ, ಜೀರಿಗೆ, ಬೆಲ್ಲ. ದಳಪತಿಯ ವರದಿಯಲ್ಲಿ ಸತ್ತವರ, ಸೆರೆಯಾದವರ ಲೆಕ್ಕವಿರುತ್ತದೆ. ಅಡುಗೆಮನೆಯಿಂದ ಹೋದ ಅರಿಸಿನದ ಲೆಕ್ಕವನ್ನು ಇಟ್ಟವನು ಲಾವಣಿಕಾರ.

ಮಾಲ್ಕಮನನ್ನು ಕ್ರೂರಿಯೆಂದು ತಳ್ಳಿಬಿಡುವುದು ಸುಲಭ. ಅವನು ಧೈರ್ಯವಂತ, ಕರ್ತವ್ಯನಿಷ್ಠ, ತನ್ನವರ ದೃಷ್ಟಿಯಲ್ಲಿ ಆದರ್ಶ ಸೇನಾನಿ. ಹೈದರನ ತಲೆ ಕಡಿಯುವ ಮಾತಿಗೆ ಮೆಚ್ಚುಗೆ ಸಿಕ್ಕ ಮನೆತನದಲ್ಲಿ ಹುಟ್ಟಿ, ಆಜ್ಞೆ ಬಂದ ಕಡೆಗೆ ಕುದುರೆ ತಿರುಗಿಸುತ್ತ ಬಾಳಿದನು. ತಾನು ಸುತ್ತುಗಟ್ಟಿದ ಊರಿನವರು ಕತ್ತಿಯನ್ನು ಏಕೆ ಬಿಗಿಹಿಡಿದಿದ್ದಾರೆಂದು ವಿಚಾರಿಸುವುದು ಅವನ ಕೆಲಸವಾಗಿರಲಿಲ್ಲ. ಆ ಕೆಲಸ ಯಾರದೂ ಆಗಿರಲಿಲ್ಲವೆಂಬುದೇ ಹಲಗಲಿಯ ದುರಂತ.

ಸುಟ್ಟ ಹಲಗಲಿ ಮತ್ತೆ ಎದ್ದಿತು. ಬಾಗಲಕೋಟೆ ಜಿಲ್ಲೆಯ ನಕಾಶೆಯಲ್ಲಿ ಆ ಊರು ಇಂದೂ ಇದೆ. ಶಾಲೆಯ ಮಕ್ಕಳು ಪಾಠದಲ್ಲಿ ಹಲಗಲಿ ಬೇಡರ ಲಾವಣಿಯನ್ನು ಓದಿದ್ದಾರೆ. ಪದಕಗಳ ಸಾಲನ್ನೇ ಧರಿಸಿದ್ದ ಜನರಲ್ ಸರ್ ಜಾರ್ಜ್ ಮಾಲ್ಕಮನ ಹೆಸರು ಈ ನಾಡಿನಲ್ಲಿ ಯಾರಿಗಾದರೂ ನೆನಪಾಗುವುದಿದ್ದರೆ, ಅದು ಪೂಜಾರಿ ಹನುಮ, ಬಾಲ, ಜಡಗ, ರಾಮರ ಹೆಸರಿನ ಬೆನ್ನ ಹಿಂದೆಯೇ.